ಗುದ್ದುವ ಕೈಗೆ ಡಾಕ್ಟರೇಟ್ ದಕ್ಕೀತೆ?

2000ನೇ ಇಸವಿಯ ಫೆಬ್ರುವರಿ 29. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ದಿನ ಉಕ್ರೇನಿನ ರಾಜಧಾನಿ ಕೀವ್ ನಗರದ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಅಭ್ಯರ್ಥಿಯೊಬ್ಬ ತನ್ನ ಸಂಶೋಧನಾ ಪ್ರಬಂಧವನ್ನು ವಿದ್ವಾಂಸರ ಮುಂದೆ ಸಮರ್ಥಿಸಿಕೊಂಡ. ಇಂಥದು ಜಗತ್ತಿನ ಯಾವುದಾದರೊಂದು ಊರಿನಲ್ಲಿ ನಿತ್ಯವೂ ನಡೆಯುವ ಸಂಗತಿ. ಆದರೆ ಈ ಅಭ್ಯರ್ಥಿಯ ಎತ್ತರ ಎರಡು ಮೀಟರಿಗಿಂತ ಒಂದು ಸೆಂಟಿಮೀಟರ್ ಹೆಚ್ಚು. ಆತ ಆಗ ಮುಷ್ಟಿಯುದ್ಧದ ಹೆವಿವೇಟ್ ವಿಭಾಗದಲ್ಲಿ ಡಬ್ಲ್ಯುಬಿಒ ಸಂಸ್ಥೆಯ ಜಗಜ್ಜಟ್ಟಿ. ಅಲ್ಲಿಯವರೆಗೆ ಆಡಿದ 27 ಸ್ಪರ್ಧೆಗಳಲ್ಲಿ 27 ಮಂದಿಯನ್ನೂ ಅಂತಿಮ ಗಂಟೆ ಬಾರಿಸುವ ಮೊದಲೇ ಸೋಲಿಸಿದ್ದವ. ಹೆಸರು ವಿಟಾಲಿ ಕ್ಲಿಚ್ಕೊ.

ಇದಾಗಿ 32ನೇ ದಿನಕ್ಕೆ, ಏಪ್ರಿಲ್ 1ರಂದು, ಬರ್ಲಿನ್ನಿನಲ್ಲಿ ಕ್ರಿಸ್ ಬರ್ಡ್ ಎಂಬ ಅಮೆರಿಕನ್ನನ ಎದುರು ವಿಟಾಲಿ ಕಣಕ್ಕಿಳಿದ. ಒಂಬತ್ತು ಸುತ್ತು ಮುಗಿಯುವ ವೇಳೆಗೆ ಅಂಕಗಳಲ್ಲಿ ಮುಂದಿದ್ದ. ಆದರೆ ಭುಜದ ಸ್ನಾಯು ಹರಿದಿತ್ತು. ಹತ್ತನೆಯ ಸುತ್ತಿಗೆ ಏಳಲೊಪ್ಪದೆ ಪಟ್ಟವನ್ನು ಬಿಟ್ಟುಕೊಟ್ಟ. ಹೀಗೆ ಐದು ವಾರಗಳೊಳಗೆ ಒಬ್ಬನೇ ಮನುಷ್ಯ ಒಂದು ಪದವಿಯನ್ನು ಗಳಿಸಿ, ಇನ್ನೊಂದನ್ನು ಕಳೆದುಕೊಂಡ. ಕಳೆದುಕೊಂಡದ್ದನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಬರ್ಡ್‌ನಿಂದ ಗೆದ್ದು ಮನೆಗೆ ತಂದವನು ತಮ್ಮ ವ್ಲಾದಿಮಿರ್. ಮರುವರ್ಷ, 2001ರಲ್ಲಿ, ಆ ತಮ್ಮನೂ ಅಣ್ಣನ ಹಾಗೆಯೇ ಸಂಶೋಧನಾ ಪದವಿ ಪಡೆದ. ಅಲ್ಲಿಂದ ಮುಂದೆ ಅಣ್ಣ ‘ಡಾಕ್ಟರ್ ಐರನ್‌ಫಿಸ್ಟ್’, ತಮ್ಮ ‘ಡಾಕ್ಟರ್ ಸ್ಟೀಲ್‌ಹ್ಯಾಮರ್’ ಎಂಬ ಅಡ್ಡಹೆಸರುಗಳು ರಿಂಗಿನಲ್ಲಿ ಮೊಳಗಿದವು. ಒಬ್ಬನದು ಕಬ್ಬಿಣದ ಮುಷ್ಟಿ, ಇನ್ನೊಬ್ಬನದು ಉಕ್ಕಿನ ಸುತ್ತಿಗೆ.

ಇದನ್ನು ಕೇಳಿದ ಯಾರಿಗಾದರೂ ಹುಟ್ಟುವ ಮೊದಲ ಭಾವನೆ ಅನುಮಾನ. ದಿನವಿಡೀ ಗುದ್ದುವವನು, ಗುದ್ದಿಸಿಕೊಳ್ಳುವವನು ಪುಸ್ತಕ ಹಿಡಿದು ಕೂತದ್ದು ಯಾವಾಗ? ಹೆಸರಿದೆ, ಹಣವಿದೆ, ಹಾಗಾಗಿ ಯಾರೋ ಕೊಟ್ಟಿರಬೇಕು ಎಂದು ಮನಸ್ಸು ಹೇಳುತ್ತದೆ. ಅನುಮಾನ ತಪ್ಪಲ್ಲ. ವಿಜ್ಞಾನ ಶುರುವಾಗುವುದೇ ಅಲ್ಲಿಂದ. ಆದರೆ ಅನುಮಾನಿಸಿ ಸುಮ್ಮನಾಗುವುದು ವಿಜ್ಞಾನವಲ್ಲ, ಪರೀಕ್ಷಿಸಬೇಕು.

ಕೊಟ್ಟದ್ದೋ, ಗಳಿಸಿದ್ದೋ?

ಪರೀಕ್ಷೆಯ ಮೊದಲ ಪ್ರಶ್ನೆ ಇದು. ಡಾಕ್ಟರೇಟ್‌ಗಳಲ್ಲಿ ಎರಡು ಬಗೆ. ಒಂದು ಗೌರವ ಡಾಕ್ಟರೇಟ್. ವಿಶ್ವವಿದ್ಯಾಲಯವು ಒಬ್ಬರ ಸಾಧನೆಯನ್ನು ಮೆಚ್ಚಿ ಶಾಲು ಹೊದಿಸಿದಂತೆ ಕೊಡುವಂಥದು. ನಮ್ಮ ವರನಟ ರಾಜ್‌ಕುಮಾರ್ ಅವರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಟ್ಟದ್ದು ಇಂಥದ್ದನ್ನೇ. ಅವರು ಪ್ರಬಂಧ ಬರೆದಿದ್ದಾರೆಂದು ಯಾರೂ ಭಾವಿಸಲಿಲ್ಲ, ಅದರಿಂದ ಯಾರಿಗೂ ಮೋಸವಾಗಲಿಲ್ಲ. ಮುಷ್ಟಿಯುದ್ಧದ ಮಹಮ್ಮದ್ ಅಲಿಗೆ 2007ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಇದೇ ಅಲಿ 1960ರಲ್ಲಿ ಲೂಯಿವಿಲ್‌ನ ಹೈಸ್ಕೂಲಿನಿಂದ ಹೊರಬಿದ್ದಾಗ 391 ವಿದ್ಯಾರ್ಥಿಗಳಲ್ಲಿ 376ನೆಯವನು. ಎರಡೂ ನಿಜ. ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ.

ಎರಡನೆಯದು ಗಳಿಸಿದ ಡಾಕ್ಟರೇಟ್. ಇದಕ್ಕೆ ಪ್ರವೇಶ, ಮಾರ್ಗದರ್ಶಕರು, ಪ್ರಬಂಧ, ಪರೀಕ್ಷಕರು ಎಲ್ಲ ಬೇಕು. ಕ್ಲಿಚ್ಕೊ ಸೋದರರದು ಈ ಜಾತಿಯದು. ಇಬ್ಬರೂ 1996ರಲ್ಲಿ ಪೆರೆಯಾಸ್ಲಾವ್-ಖ್ಮೆಲ್ನಿತ್ಸ್ಕಿ ಎಂಬ ಊರಿನ ಶಿಕ್ಷಕ ತರಬೇತಿ ಸಂಸ್ಥೆಯಿಂದ ಪದವಿ ಪಡೆದು, ಬಳಿಕ ಕೀವ್‌ನಲ್ಲಿ ಸ್ನಾತಕೋತ್ತರ ಸಂಶೋಧನೆಗೆ ಸೇರಿದರು. ಅದೇ ವರ್ಷ ವ್ಲಾದಿಮಿರ್ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. ಅದೇ ವರ್ಷದ ನವೆಂಬರ್ 16ರಂದು, ಒಂದೇ ರಾತ್ರಿ, ಹ್ಯಾಂಬರ್ಗ್‌ನಲ್ಲಿ ಅಣ್ಣತಮ್ಮಂದಿರಿಬ್ಬರೂ ವೃತ್ತಿಪರ ಬಾಕ್ಸಿಂಗ್‌ಗೆ ಕಾಲಿಟ್ಟರು. ಎರಡು ಗಾಡಿಗಳನ್ನು ಒಟ್ಟಿಗೆ ಹೂಡಿದ ಹಾಗೆ.

ಹಿಂದಿನ ಸೋವಿಯತ್ ಪದ್ಧತಿಯಲ್ಲಿ ಸಂಶೋಧನಾ ಪದವಿಗೆ ಎರಡು ಮೆಟ್ಟಿಲುಗಳಿದ್ದವು. ಕೆಳಗಿನದು ‘ಕ್ಯಾಂಡಿಡೇಟ್ ಆಫ್ ಸೈನ್ಸಸ್’, ಮೇಲಿನದು ‘ಡಾಕ್ಟರ್ ಆಫ್ ಸೈನ್ಸಸ್’. ಕ್ಲಿಚ್ಕೊಗಳು ಏರಿದ್ದು ಮೊದಲನೆಯದನ್ನು. ಹೊರಗಿನ ದೇಶಗಳು ಸಾಮಾನ್ಯವಾಗಿ ಅದನ್ನು ಪಿಎಚ್.ಡಿ.ಗೆ ಸಮವೆಂದು ಗಣಿಸುತ್ತವೆ. ಆದ್ದರಿಂದ ‘ಡಾಕ್ಟರ್’ ಎಂಬ ಬಿರುದು ಸುಳ್ಳಲ್ಲ. ಆದರೆ ಅವರ ದೇಶದಲ್ಲೇ ‘ಡಾಕ್ಟರ್’ ಎಂಬ ಮಾತು ಇನ್ನೂ ಮೇಲಿನ ಮೆಟ್ಟಿಲಿಗೆ ಮೀಸಲಾಗಿತ್ತು ಎಂಬುದನ್ನೂ ಮರೆಯಬಾರದು. ಕ್ಯಾಂಡಿಡೇಟ್ ಪದವಿಗೂ ದಾರಿ ಸುಲಭದ್ದೇನಲ್ಲ. ತತ್ವಶಾಸ್ತ್ರ, ಒಂದು ವಿದೇಶಿ ಭಾಷೆ ಮತ್ತು ತನ್ನ ವಿಷಯ ಹೀಗೆ ಮೂರು ಪರೀಕ್ಷೆ ಮುಗಿಸಬೇಕು. ಲೇಖನಗಳು ಅಚ್ಚಾಗಿರಬೇಕು. ಪ್ರಬಂಧದ ಸಾರಾಂಶವನ್ನು ಮುದ್ರಿಸಿ ಬೇರೆ ಬೇರೆ ಸಂಸ್ಥೆಗಳಿಗೆ ಕಳಿಸಬೇಕು. ಬಳಿಕ ‘ಎದುರಾಳಿಗಳು’ ಎಂದೇ ಕರೆಸಿಕೊಳ್ಳುವ ಪರೀಕ್ಷಕರ ಮುಂದೆ ಬಹಿರಂಗವಾಗಿ ನಿಂತು ಉತ್ತರಿಸಬೇಕು. ಎದುರಾಳಿ ಎಂಬ ಪದ ಬಾಕ್ಸರ್‌ಗೆ ಹೊಸದಲ್ಲ. ಆದರೆ ಈ ಎದುರಾಳಿಯನ್ನು ಕೆಡವಲು ಮುಷ್ಟಿ ಉಪಯೋಗಕ್ಕೆ ಬಾರದು.

ವಿಷಯ ಯಾವುದು?

ಇದು ಎರಡನೆಯ ಪ್ರಶ್ನೆ. ವಿಟಾಲಿ ಬರೆದದ್ದು ಪರಮಾಣು ವಿಜ್ಞಾನದ ಮೇಲಲ್ಲ. ಹಂತಹಂತವಾಗಿ ಆಟಗಾರರನ್ನು ಆರಿಸುವಾಗ ಬಾಕ್ಸರ್‌ಗಳ ಸಾಮರ್ಥ್ಯವನ್ನು ಅಳೆಯುವ ವಿಧಾನ ಹೇಗಿರಬೇಕು ಎಂಬುದು ಅವನ ಪ್ರಬಂಧದ ವಸ್ತು. ತಮ್ಮನದೂ ಕ್ರೀಡಾ ವಿಜ್ಞಾನದ ವ್ಯಾಪ್ತಿಯೊಳಗಿನದೇ. ಕೆಲವರು ಇದನ್ನೇ ಹಿಡಿದು ‘ಓಹೋ, ತನ್ನ ಕಸುಬಿನ ಮೇಲೆಯೇ ಬರೆದನೇ? ಅದೇನು ಮಹಾ’ ಎನ್ನಬಹುದು. ಆದರೆ ಜೇನು ಸಾಕುವವನು ಜೇನಿನ ಮೇಲೆ, ರೈತನ ಮಗ ರಾಗಿಯ ತಳಿಯ ಮೇಲೆ ಸಂಶೋಧನೆ ಮಾಡಿದರೆ ಯಾರೂ ಮೂಗು ಮುರಿಯುವುದಿಲ್ಲ. ಎಳವೆಯಿಂದಲೂ ತರಬೇತಿ ಶಿಬಿರಗಳಲ್ಲೇ ಬೆಳೆದವನ ಕಣ್ಣಿಗೆ ಕಾಣುವುದು ಗ್ರಂಥಾಲಯದಲ್ಲಿ ಕೂತವನಿಗೆ ಕಾಣದು. ಅವನಿಗೆ ಪ್ರಯೋಗಶಾಲೆಗೆ ಬೇರೆ ಬಸ್ಸು ಹಿಡಿಯುವ ಅಗತ್ಯವೂ ಇರಲಿಲ್ಲ.

ಹಾಗಾದರೆ ಹೊತ್ತು? ಲೆಕ್ಕ ಹಾಕಿ ನೋಡಬಹುದು. ವಿಶ್ವಪಟ್ಟದ ಸ್ಪರ್ಧೆಯೆಂದರೆ ಹೆಚ್ಚೆಂದರೆ 12 ಸುತ್ತು, ಸುತ್ತಿಗೆ 3 ನಿಮಿಷ, ಒಟ್ಟು 36 ನಿಮಿಷ. ವಿಟಾಲಿ ತನ್ನ 27 ಸ್ಪರ್ಧೆಗಳನ್ನು ಆಡಿದ್ದು ಸುಮಾರು 39 ತಿಂಗಳಲ್ಲಿ. ಅಂದರೆ ಒಂದೂವರೆ ತಿಂಗಳಿಗೆ ಒಂದು. ಉಳಿದದ್ದು ತರಬೇತಿ. ಬೆಳಿಗ್ಗೆ ಓಟ, ಸಂಜೆ ಅಭ್ಯಾಸ, ನಡುವೆ ಕಡ್ಡಾಯ ವಿಶ್ರಾಂತಿ. ದೇಹವನ್ನು ಇದಕ್ಕಿಂತ ಹೆಚ್ಚು ದುಡಿಸಲು ಬರುವುದಿಲ್ಲ. ಆ ವಿಶ್ರಾಂತಿಯ ಹೊತ್ತಿನಲ್ಲಿ ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಓದುತ್ತಾರೆ. ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರ ದಿನಕ್ಕಿಂತ ಬಾಕ್ಸರ್‌ನ ದಿನದಲ್ಲಿ ಗಂಟೆಗಳು ಕಡಿಮೆಯೇನಿಲ್ಲ.

ತಲೆಬುರುಡೆಯೊಳಗಿನ ಕಥೆ

ಹಾಗಾಗಿ ಅಡ್ಡಿ ಹೊತ್ತಿನದಲ್ಲ. ಇರುವ ಅಡ್ಡಿ ಬೇರೆ ಕಡೆ ಇದೆ. ಈಜುಗಾರನಿಗೂ ಓಟಗಾರನಿಗೂ ಇಲ್ಲದ ಒಂದು ತೊಡಕು ಬಾಕ್ಸರ್‌ಗಿದೆ. ಯಾವ ಅಂಗದಿಂದ ಓದಬೇಕೋ ಆ ಅಂಗವೇ ಅವನ ಆಟದಲ್ಲಿ ಎದುರಾಳಿಯ ಗುರಿ.

1985ರಲ್ಲಿ ಇಂಗ್ಲೆಂಡಿನ ಲಫ್ಬರೋ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿಗಳು ಫ್ರಾಂಕ್ ಬ್ರೂನೋ ಎಂಬ ಹೆವಿವೇಟ್ ಬಾಕ್ಸರ್‌ನ ಒಂದು ಗುದ್ದನ್ನು ಉಪಕರಣಗಳಿಂದ ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ 32 ಕಿಲೋಮೀಟರ್. ಬಲ 4096 ನ್ಯೂಟನ್. ತೂಕದ ಭಾಷೆಯಲ್ಲಿ ಹೇಳಬೇಕಾದರೆ, 50 ಕಿಲೋದ ಎಂಟು ಅಕ್ಕಿ ಮೂಟೆಗಳನ್ನು ಮೀರಿದ ಭಾರ. ಮೆತ್ತೆ ಸುತ್ತಿದ 6 ಕಿಲೋ ತೂಕದ ಮರದ ಕೊಡತಿಯನ್ನು ಅದೇ ವೇಗದಲ್ಲಿ ಬೀಸಿ ಹೊಡೆದಂತೆ ಎಂದು ಅವರು ವಿವರಿಸಿದರು. ಗುರಿಯಾದ ತಲೆ ಗುರುತ್ವದ 53 ಪಟ್ಟು ವೇಗೋತ್ಕರ್ಷಕ್ಕೆ ಒಳಗಾಗುತ್ತಿತ್ತು.

ಇಷ್ಟಾದರೂ ತಲೆಬುರುಡೆ ಒಡೆಯುವುದು ಅಪರೂಪ. ಹಾನಿ ಆಗುವುದು ಒಳಗೆ. ಮೆದುಳಿನ ತೂಕ ಸುಮಾರು 1.4 ಕಿಲೋ. ಅದು ಗಿಣ್ಣಿನಷ್ಟು ಮೆತ್ತಗೆ, ಸುತ್ತ ತೆಳುವಾದ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವ ಬಸ್ಸಿಗೆ ಚಾಲಕ ಗಕ್ಕನೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆಯೇ ತಲೆ ಹಠಾತ್ತನೆ ತಿರುಗಿದಾಗ ಮೆದುಳು ತುಸು ತಡವಾಗಿ ತಿರುಗುತ್ತದೆ. ಆ ತುಸು ವ್ಯತ್ಯಾಸದಲ್ಲಿ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನರತಂತುಗಳು ಜಗ್ಗುತ್ತವೆ, ಕೆಲವು ತುಂಡಾಗುತ್ತವೆ. ದವಡೆಯ ಬದಿಗೆ ಬಿದ್ದ ಏಟು ಹಣೆಗೆ ನೇರವಾಗಿ ಬಿದ್ದದ್ದಕ್ಕಿಂತ ಅಪಾಯಕಾರಿ ಎನ್ನುವುದು ಇದಕ್ಕೇ. ಅದು ತಲೆಯನ್ನು ತಿರುಗಿಸುತ್ತದೆ.

ಒಂದು ಏಟಿನ ಕಥೆ ಹೀಗಾದರೆ ಸಾವಿರಾರು ಏಟುಗಳದ್ದೇನು? 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ, ಹಳೆಯ ಬಾಕ್ಸರ್‌ಗಳು ಕುಡಿದವರಂತೆ ತೂರಾಡುವುದನ್ನೂ ತೊದಲುವುದನ್ನೂ ಮರೆವಿಗೆ ತುತ್ತಾಗುವುದನ್ನೂ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ. 1969ರಲ್ಲಿ ಬ್ರಿಟನ್ನಿನ ರಾಬರ್ಟ್ಸ್ ಎಂಬ ವೈದ್ಯ 224 ಮಂದಿ ಮಾಜಿ ವೃತ್ತಿಪರ ಬಾಕ್ಸರ್‌ಗಳನ್ನು ಪರೀಕ್ಷಿಸಿದಾಗ 37 ಮಂದಿಯಲ್ಲಿ, ಅಂದರೆ ಶೇಕಡಾ 17ರಷ್ಟು ಜನರಲ್ಲಿ, ಮೆದುಳಿನ ಹಾನಿಯ ಲಕ್ಷಣಗಳು ಕಂಡವು. ಹೆಚ್ಚು ವರ್ಷ, ಹೆಚ್ಚು ಸ್ಪರ್ಧೆ ಆಡಿದವರಲ್ಲಿ ಈ ಪ್ರಮಾಣ ಹೆಚ್ಚು. 1973ರಲ್ಲಿ ಕಾರ್ಸೆಲಿಸ್ ಮತ್ತು ಸಂಗಡಿಗರು ಸತ್ತ 15 ಬಾಕ್ಸರ್‌ಗಳ ಮೆದುಳನ್ನು ಕುಯ್ದು ನೋಡಿ, ಈ ಬಾಧೆಗೆ ಅಂಗಾಂಶದಲ್ಲೇ ಗುರುತುಗಳಿವೆ ಎಂದು ತೋರಿಸಿದರು.

ಈ ಅಂಕಿಗಳನ್ನು ಎರಡು ರೀತಿ ಓದಬೇಕು. ಶೇಕಡಾ 17 ಎಂಬುದು ಸಣ್ಣ ಸಂಖ್ಯೆಯಲ್ಲ. ಆರು ಜನರಲ್ಲಿ ಒಬ್ಬ. ಯಾವ ತಾಯಿಯೂ ಮಗನನ್ನು ಅಂಥ ಜೂಜಿಗೆ ಇಷ್ಟಪಟ್ಟು ಕಳಿಸಲಾರಳು. ಆದರೆ ಉಳಿದ ಐವರಲ್ಲಿ ಅಂಥ ಲಕ್ಷಣಗಳು ಕಾಣಲಿಲ್ಲ ಎಂಬುದೂ ಅಷ್ಟೇ ನಿಜ. ‘ಬಾಕ್ಸರ್ ಎಂದರೆ ಬುದ್ಧಿ ಮಂಕಾದವನು’ ಎಂಬ ಮಾತು ಅವರ ಮಟ್ಟಿಗೆ ಅನ್ಯಾಯ.

ಏಟು ತಿನ್ನದ ಜಾಣತನ

ಕ್ಲಿಚ್ಕೊಗಳ ವಿಚಾರದಲ್ಲಿ ಗಮನಿಸಬೇಕಾದದ್ದು ಇಲ್ಲಿದೆ. ವಿಟಾಲಿ ತನ್ನ ವೃತ್ತಿಜೀವನದ 47 ಸ್ಪರ್ಧೆಗಳಲ್ಲಿ ಒಮ್ಮೆಯೂ ನೆಲಕ್ಕೆ ಬಿದ್ದವನಲ್ಲ. ಸೋತ ಎರಡೂ ಸಲ ಸೋತದ್ದು ಗಾಯದಿಂದ. ಒಮ್ಮೆ ಭುಜ, ಇನ್ನೊಮ್ಮೆ, 2003ರಲ್ಲಿ ಲೆನಾಕ್ಸ್ ಲೂಯಿಸ್ ಎದುರು, ಕಣ್ಣಿನ ಬಳಿಯ ಕೊಯ್ತ. ವ್ಲಾದಿಮಿರ್ 2003 ಮತ್ತು 2004ರಲ್ಲಿ ಚೆನ್ನಾಗಿ ಏಟು ತಿಂದು ಸೋತ. ಆಮೇಲೆ ಎಮಾನುಯೆಲ್ ಸ್ಟೀವರ್ಡ್ ಎಂಬ ತರಬೇತುದಾರನ ಕೈಕೆಳಗೆ ತನ್ನ ಆಟವನ್ನೇ ತಿದ್ದಿಕೊಂಡ. ಉದ್ದನೆಯ ಎಡಗೈಯನ್ನು ಮುಂದೆ ಚಾಚಿ ಎದುರಾಳಿಯನ್ನು ದೂರದಲ್ಲೇ ನಿಲ್ಲಿಸಿದ. ಪ್ರೇಕ್ಷಕರು ‘ಬೇಸರ ಹುಟ್ಟಿಸುತ್ತಾನೆ’ ಎಂದು ಗೊಣಗಿದರು. ಆದರೆ 2006ರಿಂದ 2015ರವರೆಗೆ ಪಟ್ಟ ಅವನ ಬಳಿಯೇ ಉಳಿಯಿತು. ದೂರ, ಕೋನ, ಕಾಲ ಈ ಮೂರನ್ನು ಅಳೆದು ಆಡುವುದೂ ಒಂದು ವಿದ್ಯೆಯೇ. ಆ ವಿದ್ಯೆಯೇ ಓದುವ ತಲೆಯನ್ನೂ ಕಾಯುವಂಥದು.

ನಮ್ಮ ಗರಡಿಮನೆಗಳಿಗೆ ಇದು ಹೊಸ ವಿಚಾರವಲ್ಲ. ಮೈಸೂರು ಸೀಮೆಯ ಗರಡಿಗಳಲ್ಲಿ ಪೈಲ್ವಾನರು ಕೆಮ್ಮಣ್ಣಿಗೆ ಇಳಿಯುವ ಮೊದಲು ಕೈಮುಗಿಯುವುದು ಹನುಮಂತನಿಗೆ. ಆತ ಬೆಟ್ಟ ಹೊತ್ತವನು ಎಂದು ಎಲ್ಲರಿಗೂ ಗೊತ್ತು. ನವವ್ಯಾಕರಣ ಪಂಡಿತ ಎಂಬ ಬಿರುದೂ ಆತನಿಗೇ ಇದೆ ಎಂಬುದು ಅನೇಕರಿಗೆ ನೆನಪಾಗುವುದಿಲ್ಲ. ತೋಳಿನ ಬಲಕ್ಕೂ ತಲೆಯ ಬಲಕ್ಕೂ ಹುಟ್ಟುಹಗೆ ಎಂದು ಹಳಬರು ನಂಬಿರಲಿಲ್ಲ.

ಇನ್ನೂ ಗಟ್ಟಿಯಾದ ಸಾಕ್ಷಿ

ಕ್ಲಿಚ್ಕೊಗಳದು ಕಸುಬಿನ ಮೇಲಿನ ಸಂಶೋಧನೆ, ಸರಿ. ಕಸುಬಿನ ಆಚೆ ಹೋಗಿ ಗಳಿಸಿದವರಿದ್ದಾರೆಯೇ? ಇದ್ದಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡದಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬ ಕ್ಯಾಸಿಯಸ್ ಕ್ಲೇ, ಮುಂದೆ ಮಹಮ್ಮದ್ ಅಲಿಯಾದವನು. ಇನ್ನೊಬ್ಬ ಟೊಲಿಡೊ ನಗರದ ವಿಲ್ಬರ್ಟ್ ಮ್ಯಾಕ್ಲೂರ್. ಇಬ್ಬರೂ ಚಿನ್ನ ಗೆದ್ದರು. ಮ್ಯಾಕ್ಲೂರ್ ತನ್ನೂರಿನ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಮತ್ತು ತತ್ವಶಾಸ್ತ್ರ ಓದಿದವನು. 1970ರವರೆಗೆ ವೃತ್ತಿಪರನಾಗಿ ಗುದ್ದಾಡಿದ. ವಿಶ್ವಪಟ್ಟ ಒಲಿಯಲಿಲ್ಲ. ಆದರೆ 1973ರಲ್ಲಿ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. ಮುಂದೆ ಮ್ಯಾಸಚೂಸೆಟ್ಸ್ ರಾಜ್ಯದ ಬಾಕ್ಸಿಂಗ್ ಆಯೋಗದ ಅಧ್ಯಕ್ಷನೂ ಆದ. 2020ರಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡ.

ಅವನ ಗೆಳೆಯ ಅಲಿಯ ಕಥೆ ಎಲ್ಲರಿಗೂ ಗೊತ್ತು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಗೊತ್ತಾಯಿತು. ಮಾತು ಮಿಂಚಿನಂತಿದ್ದವನ ನಾಲಗೆ ನಿಧಾನವಾಗುತ್ತ ಹೋಯಿತು. 2016ರಲ್ಲಿ ಕೊನೆಯುಸಿರೆಳೆದ. ಏಟುಗಳೇ ಅದಕ್ಕೆ ಕಾರಣವೋ ಅಲ್ಲವೋ ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಆದರೆ ಅಲಿ 1981ರವರೆಗೆ, 40 ವರ್ಷ ತುಂಬುವ ಹೊಸ್ತಿಲಿನವರೆಗೆ, ಕಣದಲ್ಲಿದ್ದ. ಮ್ಯಾಕ್ಲೂರ್ ಸುಮಾರು 31ಕ್ಕೇ ಕೈಗವಸು ಕಳಚಿದ. ಹಾಗೆ ಕಳಚುವುದಕ್ಕೆ ಒಂದು ಧೈರ್ಯ ಬೇಕು. ಆ ಧೈರ್ಯವನ್ನು ಕೊಡುವುದು ಕೈಯಲ್ಲಿರುವ ಇನ್ನೊಂದು ವಿದ್ಯೆ. ಬೇರೆ ಗತಿಯಿಲ್ಲದವನು ಇನ್ನೊಂದು ಸ್ಪರ್ಧೆ, ಮತ್ತೊಂದು ಸ್ಪರ್ಧೆ ಎಂದು ತಲೆಯೊಡ್ಡುತ್ತಲೇ ಹೋಗುತ್ತಾನೆ. ಇನ್ನೊಂದು ಉದಾಹರಣೆ ಜೇಮ್ಸ್ ಸ್ಮಿತ್. ಶಾ ವಿಶ್ವವಿದ್ಯಾಲಯದಿಂದ 1975ರಲ್ಲಿ ವ್ಯವಹಾರ ಆಡಳಿತದ ಪದವಿ ಪಡೆದು, ಸೆರೆಮನೆಯ ಕಾವಲುಗಾರನಾಗಿಯೂ ದುಡಿದು, 1986ರ ಡಿಸೆಂಬರಿನಲ್ಲಿ ಹೆವಿವೇಟ್ ಪಟ್ಟ ಗೆದ್ದ. ಕಾಲೇಜು ಪದವಿಯುಳ್ಳ ಮೊದಲ ಹೆವಿವೇಟ್ ಜಗಜ್ಜಟ್ಟಿ ಎಂಬ ಹೆಸರು ಅವನದು. ಆ ಆಟದಲ್ಲಿ ಓದು ಎಷ್ಟು ಅಪರೂಪವಾಗಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ಕಳ್ಳನಾಣ್ಯವೂ ಉಂಟು

ಹಾಗೆಂದು ಪದಕ ಗೆದ್ದವರ ಪದವಿಗಳೆಲ್ಲ ಅಪ್ಪಟ ಎಂದುಕೊಳ್ಳಬೇಕಿಲ್ಲ. ಹಂಗೆರಿಯ ಪಾಲ್ ಶ್ಮಿಟ್ ಕತ್ತಿವರಸೆಯಲ್ಲಿ 1968 ಮತ್ತು 1972ರ ಒಲಿಂಪಿಕ್ಸ್‌ಗಳಲ್ಲಿ ತಂಡದೊಂದಿಗೆ ಚಿನ್ನ ಗೆದ್ದವನು. 1992ರಲ್ಲಿ ಒಲಿಂಪಿಕ್ ಕ್ರೀಡೆಗಳ ಮೇಲೆ ಪ್ರಬಂಧ ಬರೆದು ಡಾಕ್ಟರ್ ಆದ. 2010ರಲ್ಲಿ ದೇಶದ ಅಧ್ಯಕ್ಷನೂ ಆದ. ಇಪ್ಪತ್ತು ವರ್ಷ ಕಳೆದ ಮೇಲೆ ಯಾರೋ ಆ ಪ್ರಬಂಧವನ್ನು ತೆಗೆದು ಇತರರ ಬರಹಗಳ ಜೊತೆ ಹೋಲಿಸಿದರು. ಬಹುಪಾಲು ಎರವಲು ಮಾಲು. 2012ರ ಮಾರ್ಚ್‌ನಲ್ಲಿ ಬುಡಾಪೆಸ್ಟಿನ ಸೆಮ್ಮೆಲ್ವೈಸ್ ವಿಶ್ವವಿದ್ಯಾಲಯ ಪದವಿಯನ್ನು ಹಿಂತೆಗೆದುಕೊಂಡಿತು. ನಾಲ್ಕೇ ದಿನಗಳಲ್ಲಿ ಅಧ್ಯಕ್ಷ ಪದವಿಯೂ ಹೋಯಿತು.

ಇಲ್ಲಿ ಎರಡು ಪಾಠಗಳಿವೆ. ಹೆಸರಾಂತ ಅಭ್ಯರ್ಥಿಯ ಮುಂದೆ ಪರೀಕ್ಷಕರು ಮೆತ್ತಗಾಗುವ ಅಪಾಯ ಖಂಡಿತ ಇದೆ. ಶ್ಮಿಟ್‌ಗೆ ಯಾರೂ ಗುದ್ದಿರಲಿಲ್ಲ, ತಲೆಗೆ ಏಟು ಬಿದ್ದಿರಲಿಲ್ಲ, ಆದರೂ ಪ್ರಬಂಧ ಅವನದಾಗಿರಲಿಲ್ಲ. ಎರಡನೆಯದು, ನಿಜವಾದ ಪ್ರಬಂಧವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಬರೆದವನ ಕಸುಬಲ್ಲ, ಬರೆದ ಹಾಳೆಗಳು. ಅವು ಗ್ರಂಥಾಲಯದಲ್ಲಿ ಕಾದಿರುತ್ತವೆ. ಯಾರು ಬೇಕಾದರೂ, ಎಷ್ಟು ವರ್ಷದ ಮೇಲಾದರೂ ತೆರೆದು ನೋಡಬಹುದು. ಗೌರವದ್ದೋ ಗಳಿಸಿದ್ದೋ, ಯಾವ ಮೆಟ್ಟಿಲಿನದು, ವಿಷಯ ಯಾವುದು, ಪರೀಕ್ಷಿಸಿದವರು ಯಾರು, ಪ್ರಬಂಧ ಎಲ್ಲಿ ಸಿಗುತ್ತದೆ ಎಂಬ ಐದು ಪ್ರಶ್ನೆಗಳನ್ನು ಬಾಕ್ಸರ್‌ಗೆ ಕೇಳಿದಂತೆ ಮಂತ್ರಿಗೂ ಮಠಾಧೀಶರಿಗೂ ಪ್ರಾಧ್ಯಾಪಕರಿಗೂ ಕೇಳಬಹುದು. ಕೇಳಿದರೆ ಸಿಟ್ಟಾಗದವರ ಪದವಿ ಬಹುಮಟ್ಟಿಗೆ ಗಟ್ಟಿ.

ಈ ಚರ್ಚೆ ದೂರದ ಕೀವ್, ಡೆಟ್ರಾಯಿಟ್‌ಗಳದ್ದಷ್ಟೇ ಅಲ್ಲ. ಹತ್ತನೆಯ ತರಗತಿಗೆ ಬಂದ ಹುಡುಗ ಆಟದ ಮೈದಾನದಲ್ಲಿ ಕಂಡರೆ ‘ಇವನು ಕೆಟ್ಟ’ ಎಂದು ತೀರ್ಪು ಕೊಡುವ ಹಿರಿಯರು ಇಲ್ಲಿ ಪ್ರತಿ ಬೀದಿಯಲ್ಲೂ ಇದ್ದಾರೆ. ‘ಆಡಿದರೆ ಸಾಕು, ಓದು ಏಕೆ’ ಎಂದು ಹುರಿದುಂಬಿಸಿ, ಪದಕ ಬಾರದಿದ್ದಾಗ ಕೈಬಿಡುವ ತರಬೇತುದಾರರೂ ಇದ್ದಾರೆ. ಇಬ್ಬರೂ ಆ ಹುಡುಗನ ಕೈಯಿಂದ ಒಂದೊಂದು ವಿದ್ಯೆಯನ್ನು ಕಿತ್ತುಕೊಳ್ಳುತ್ತಾರೆ. ಎರಡೂ ಒಟ್ಟಿಗೆ ಸಾಗಲು ಸಾಧ್ಯ ಎಂಬುದನ್ನು ಅತ್ಯಂತ ಕಠಿಣವಾದ ಆಟದವರೇ ತೋರಿಸಿದ್ದಾರೆ. ಎಲ್ಲರಿಗೂ ಸಾಧ್ಯವೆಂದಲ್ಲ. ಕಲಿಸುವ ಮನೆ, ಕಾಯುವ ಗುರು, ನಿಲ್ಲಿಸಬೇಕಾದಾಗ ನಿಲ್ಲಿಸುವ ವಿವೇಕ ಇದ್ದವರಿಗೆ ಸಾಧ್ಯ.

ಬಾಕ್ಸಿಂಗ್ ಕಲಿಯಲು ಹೋದ ಹುಡುಗನಿಗೆ ಒಳ್ಳೆಯ ತರಬೇತುದಾರ ಮೊದಲು ಹೇಳಿಕೊಡುವುದು ಗುದ್ದುವುದನ್ನಲ್ಲ. ಎರಡೂ ಕೈ ಮೇಲೆತ್ತಿ ತಲೆಯನ್ನು ಕಾಯುವುದನ್ನು. ನಾಳೆ ಪರೀಕ್ಷೆಯ ಕೊಠಡಿಯಲ್ಲಿ ಕೂರಬೇಕಾದದ್ದೂ ಅದೇ ತಲೆ.